ರಹವಾಸಿ ದಾಖಲೆ

(ಮಾತಾಡುವವರು ಇಬ್ಬರು. ಒಬ್ಬಳು ತಿಕೋಟಾದ ದ್ರಾಕ್ಷಿ ಬೆಳೆಗಾರರ ಮಗಳು, ವಿಜಯಪುರದಲ್ಲಿ ನರ್ಸಿಂಗ್ ಮುಗಿಸಿ ಜರ್ಮನಿಗೆ ಹೋಗಲು ಭಾಷೆ ಕಲಿಯುತ್ತಿದ್ದಾಳೆ. ಇನ್ನೊಬ್ಬರು ಅವಳ ಸೋದರಮಾವ, ಬಬಲೇಶ್ವರದವರು. ಗೋವಾದ ಕನ್ನಡ ಶಾಲೆಯೊಂದರಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾಗಿ ಊರಿಗೆ ಮರಳಿದವರು. ಕಬ್ಬು ಕಡಿಯುವ ಹಂಗಾಮು.)

— ಮಾಮಾ, 33 ಪ್ರಶ್ನೆ ಕೇಳ್ತಾರ. 17 ಸರಿ ಬಂದ್ರ ಜರ್ಮನಿ ಪೌರತ್ವದ ಪರೀಕ್ಷಾ ಪಾಸು. ಒಂದು ತಾಸಿನ ಕೆಲಸ. ಪ್ರಶ್ನೆ ಎಲ್ಲಾ ಮೊದಲ ಪ್ರಕಟ ಮಾಡಿರ್ತಾರ, ಬಾಯಿಪಾಠ ಹೊಡದ್ರೂ ನಡೀತೈತಿ.

— ಇನ್ನೂ ವಿಮಾನ ಹತ್ತಿಲ್ಲ, ಆಗಲೇ ಪೌರತ್ವ?

— ಅದು ದೂರದ ಮಾತು. ಮೊದಲು ಬಿ-2 ಹಂತದ ಜರ್ಮನ್ ಮುಗೀಬೇಕು. ನಾ ಇಲ್ಲಿ ಓದಿದ್ದನ್ನ ಅಲ್ಲಿಯವರು ಒಪ್ಪಬೇಕು. ಒಪ್ಪೂ ತನಕ ನಾ ಅಲ್ಲಿ ನರ್ಸ್ ಅಲ್ಲ, ನರ್ಸಿನ ಕೈಕೆಳಗಿನ ಸಹಾಯಕಿ. ಕ್ಲಾಸಿನ್ಯಾಗ ಆ ಪ್ರಶ್ನೆ ಪುಸ್ತಕ ಸಿಕ್ತು, ಓದಿದೆ. ಅವರ ಸಂವಿಧಾನ ಯಾವಾಗ ಬಂತು, ಚುನಾವಣಿ ಹ್ಯಾಂಗ ನಡೀತೈತಿ, ಇಂಥಾವು. ಓದಕೋತ ಕುಂತಾಗ ಅನಿಸ್ತು, 17 ಉತ್ತರ ಗೊತ್ತಿದ್ದಾಕಿ ಆ ಊರಾಕಿ ಆಗ್ತಾಳೇನು?

— ಗೋವಾದಾಗ ನಮ್ಮ ಮಂದಿಗೆ ಯಾರೂ 33 ಪ್ರಶ್ನೆ ಕೇಳಲಿಲ್ಲವ್ವಾ. ಒಂದ ಪ್ರಶ್ನೆ: 15 ವರ್ಷದ ರಹವಾಸಿ ದಾಖಲೆ ಐತೇನು? ಅಲ್ಲಿ ಸರಕಾರಿ ನೌಕರಿಗೆ ಅರ್ಜಿ ಹಾಕಬೇಕಂದ್ರ 15 ವರ್ಷ ಗೋವಾದಾಗ ಇದ್ದದ್ದಕ್ಕ ಮಾಮಲೇದಾರರ ಕಾಗದ ಬೇಕು. ನನ್ನ ಕೈಯಾಗ ಕಲಿತ ಹುಡುಗರು ಅಲ್ಲೇ ಹುಟ್ಟಿದವರು. ಅಪ್ಪ ಗೌಂಡಿ, ಅವ್ವ ಇಟ್ಟಂಗಿ ಹೊರಾಕಿ. ಇರೂ ಖೋಲಿಗೆ ಮನಿ ನಂಬರ್ ಇಲ್ಲ, ಬಾಡಿಗಿಗೆ ಚೀಟಿ ಇಲ್ಲ, ಲೈಟ್ ಬಿಲ್ ಮಾಲೀಕನ ಹೆಸರಿಲೆ. ಇಪ್ಪತ್ತು ವರ್ಷ ದುಡಿದಾಂವ ಕಾಗದದ ಮ್ಯಾಲ ನಿನ್ನೆ ಬಂದಾಂವ.

— ಜರ್ಮನಿಯಾಗ ಈಗ 5 ವರ್ಷ ಸಾಕು. ಮೊದಲ 8 ಇತ್ತು, 2024ರ ಜೂನ್‌ದಾಗ ಇಳಿಸಿದ್ರು. ಭಾಳ ಚಲೋ ಹೊಂದಿಕೊಂಡವರಿಗೆ 3 ವರ್ಷದ ದಾರಿ ಒಂದು ತಗದಿದ್ರು, ಅದನ್ನ 2025ರಾಗ ಮತ್ತ ಮುಚ್ಚಿದ್ರು.

— ಎರಡನ್ನೂ ಕೂಡಿಸಬ್ಯಾಡ. ನೀ ಹೇಳೂದು ಪೌರತ್ವದ ಮಾತು, ನಾ ಹೇಳೂದು ನೌಕರಿ ಮಾತು. ನಮ್ಮ ಗೌಂಡಿ ಗೋವಾದಾಗೂ ಭಾರತದ ಪೌರನ. ದೇಶದಾಗ ಎಲ್ಲಿ ಬೇಕಲ್ಲಿ ಹೋಗೂ ಹಕ್ಕು, ಇರೂ ಹಕ್ಕು, ಸಂವಿಧಾನದ 19ನೇ ಕಲಮಿನ್ಯಾಗ ಬರದಾರ. ಆದ್ರ ಹಕ್ಕು ಬರೂದು ದಿಲ್ಲಿಯಿಂದ, ಬಾಡಿಗಿ ಕರಾರು ಬರೂದು ಮನಿ ಮಾಲೀಕನಿಂದ.

— ಯುರೋಪಿನ್ಯಾಗೂ ಅದ ಕತಿ. ತುರ್ಕಿ ಮಂದಿನ್ನ ಅವರ ಕರದ್ರು. 1961ರ ಅಕ್ಟೋಬರ್ 30ಕ್ಕ ಪಶ್ಚಿಮ ಜರ್ಮನಿ, ತುರ್ಕಿ ನಡುವ ಒಪ್ಪಂದ ಆತು. ಕಾರ್ಖಾನಿಗೆ ಆಳು ಬೇಕಾಗಿತ್ತು. ಎರಡು ವರ್ಷ ದುಡದು ವಾಪಸ್ ಹೋಗಬೇಕು, ಅವರ ಜಾಗಕ್ಕ ಬ್ಯಾರೆಯವರು ಬರಬೇಕು ಅಂತ ಲೆಕ್ಕ. ಕೆಲಸ ಕಲಿತಾಂವನ್ನ ಕಳಿಸಿ ಹೊಸಬನಿಗೆ ಮತ್ತ ಯಾಕ ಕಲಿಸೂದು ಅಂತ ಕಾರ್ಖಾನಿಯವರ ತಕರಾರು ಮಾಡಿದ್ರು. ಎರಡು ವರ್ಷದ ಮಿತಿ ಹೋತು. 1973ರಾಗ ಹೊಸದಾಗಿ ಆಳು ಕರಸೂದು ನಿಂತಾಗ ಒಮ್ಮೆ ಹೋದ್ರ ತಿರುಗಿ ಬರಾಕ ಆಗೂದಿಲ್ಲ ಅಂತ ಇದ್ದವರು ಅಲ್ಲೇ ಉಳದು ಹೆಂಡ್ತಿ ಮಕ್ಕಳನ್ನ ಕರಸಿಕೊಂಡ್ರು. ಬಾಗಲಾ ಹಾಕಿದ್ದಕ್ಕ ಮಂದಿ ಹೆಚ್ಚಾದ್ರು ನೋಡ್ರಿ. ಇನ್ನ ಬಂದವರಿಗೆ ಸರಕಾರದಿಂದ ಜರ್ಮನ್ ಕಲಿಸೂ ಕಾಯ್ದೆ ಯಾವಾಗ ಬಂತು ಅಂತೀರಿ? 2005. ಅದಕ್ಕ 600 ತಾಸು ಭಾಷಾ, ಮ್ಯಾಲ ಕಾನೂನು, ಇತಿಹಾಸದ ಪಾಠ. ಕರದು 44 ವರ್ಷ ಆದ ಮ್ಯಾಲ.

— 1961 ಅಂದ್ಯಲ್ಲ. ಅದ ವರ್ಷ ಡಿಸೆಂಬರ್ 19ಕ್ಕ ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡಿ ಆತು. ಎರಡು ತಿಂಗಳೂ ಅಂತರ ಇಲ್ಲ. ಅಲ್ಲಿಂದ ಮುಂದ ಗೋವಾ ಕಟ್ಟಾಕ ಹತ್ತಿತು. ವಾಸ್ಕೋ ಬಂದರಾ, ಕಬ್ಬಿಣದ ಅದಿರಿನ ಗಣಿ, ರೋಡು, ಆಮ್ಯಾಲ ಹೊಟೇಲು. ನಮ್ಮ ಕಡಿ ಮಳಿ ಕೈಕೊಟ್ಟಾಗೆಲ್ಲ ಬಸ್ ಹತ್ತೂದು. ತಾಂಡಾದಿಂದ, ಹಳ್ಳಿಯಿಂದ, ಒಬ್ಬ ಹೋದ್ರ ಬೆನ್ನ ಹಿಂದ ಹತ್ತು ಮಂದಿ. ಜರ್ಮನಿಯವರು ಒಪ್ಪಂದ ಬರದು ಸಹಿ ಮಾಡಿದ್ರು, ನಮ್ಮವರಿಗೆ ಅದೂ ಇಲ್ಲ. ಮೇಸ್ತ್ರಿ ಬಾಯಿಮಾತ ಒಪ್ಪಂದ. ವಾಸ್ಕೋ ಕಡಿ ಬೈನಾದಾಗ, ಜುವಾರಿನಗರದಾಗ ಹಾದ್ರ ಬಬಲೇಶ್ವರ ಸಂತ್ಯಾಗ ಹಾದಂಗ ಕನ್ನಡ ಕಿವಿಗೆ ಬೀಳತಿತ್ತು.

— ಅಲ್ಲಿ ನಿಮಗ ಏನಂತಿದ್ರು?

— 'ಘಾಟಿ'. ಘಟ್ಟದ ಮ್ಯಾಲಿನಿಂದ ಇಳದು ಬಂದಾಂವ ಅಂತ. ಸಿಟ್ಟಿಗೆದ್ರ ಅದಕ್ಕ ಇನ್ನೊಂದೆರಡು ಮಾತು ಕೂಡತಿದ್ವು. ನೀ ಮಂಗಳೂರಿಗೆ ಹೋಗು, ಅಲ್ಲಿ ನಮ್ಮದ ರಾಜ್ಯ, ನಮ್ಮದ ಭಾಷಾ. ಅಲ್ಲೂ ರಸ್ತೆ ಅಗಿಯಾವರಿಗೆ 'ಬಿಜಾಪುರದವರು' ಅಂತಾರ. ಕೊಪ್ಪಳದಾಂವ ಇರಲಿ, ಗದಗಿನಾಂವ ಇರಲಿ, ಸಲಿಕಿ ಹಿಡದ್ರ ಬಿಜಾಪುರದಾಂವ. ಊರಿನ ಹೆಸರು ಒಂದು ಕೆಲಸದ ಹೆಸರಾಗಿ ಹೋತು. 2014ರ ನವೆಂಬರ್ ಒಂದಕ್ಕ ಸರಕಾರ ಊರಿಗೆ ವಿಜಯಪುರ ಅಂತ ಹೆಸರು ಬದಲಿಸಿತು, ಈ ಹೆಸರನ್ನ ಮಾತ್ರ ಬದಲಿಸಾಕ ಆಗಲಿಲ್ಲ.

— ನಗಬ್ಯಾಡ್ರಿ ಮಾಮಾ.

— ನಗೂದಲ್ಲದ ಏನ್ ಮಾಡೂದು? ಪಣಜಿಯಾಗ ಮಾಂಡವಿ ದಂಡಿಗೆ ಒಂದು ಬಿಳೇ ಕಟ್ಟಡ ಐತಿ. ಆದಿಲ್ ಶಾಹನ ಅರಮನಿ ಅಂತಾರ. ಪೋರ್ಚುಗೀಸರ ವೈಸರಾಯ್‌ಗಳು ಇದ್ದ ಜಾಗ, ಮುಂದ ಗೋವಾದ ಸಚಿವಾಲಯ ಆಗಿತ್ತು. 1510ರ ನವೆಂಬರ್ 25ಕ್ಕ ಆಲ್ಬುಕರ್ಕ್ ಬಂದು ಕಸಗೊಳ್ಳೂ ತನಕ ಗೋವಾ ನಮ್ಮ ಬಿಜಾಪುರದ ಸೀಮಿ. ನಾ ಹುಡುಗರನ್ನ ಸಹಲ್‌ಗೆ ಕರಕೊಂಡ ಹೋದಾಗ ಆ ಕಟ್ಟಡದ ಮುಂದ ನಿಲ್ಲಿಸಿ ಹೇಳತಿದ್ದೆ. ಒಬ್ಬ ಹುಡುಗ ಕೇಳಿದ: 'ಹಂಗಾದ್ರ ಸರ್, ನಮ್ಮಪ್ಪಗ ಇಲ್ಲಿ ದಾಖಲೆ ಯಾಕ ಕೇಳ್ತಾರ?' ನಾ ಹೇಳಿದೆ, ಅರಮನಿ ಸುಲ್ತಾನಂದು, ನಿಮ್ಮಪ್ಪ ಸುಲ್ತಾನ ಅಲ್ಲ. ತಿಕೋಟಾದ ರೈತನೂ ಅವಾಗ ಅರಮನಿ ಕಂಡಿದ್ದಿಲ್ಲ.

— ಬೈನಾದಾಗ ನಮ್ಮವರ ಮನಿ ಕೆಡವಿದ್ರಂತಲ್ಲ, ಅದು ಯಾವಾಗ?

— 2004ರ ಜೂನ್, ಮಳಿಗಾಲ ಹಿಡಿಯೂ ಹೊತ್ತಿಗೆ. ಸೂಳೆಗೇರಿ ತಗೀತೀವಿ ಅಂತ ಹೇಳಿ ಕೆಡವಿದ್ರು. ಅಲ್ಲಿದ್ದವರಲ್ಲಿ ಕರ್ನಾಟಕ, ಆಂಧ್ರದವರು ಭಾಳ. ಆ ಧಂದೆ ಬೇಕಂತ ಯಾರೂ ಅನ್ನಲಿಲ್ಲ. ಆದ್ರ ಕೆಡವಿದ ಮ್ಯಾಲ ಎಲ್ಲಿಗಿ ಹೋಗಬೇಕು ಅನ್ನೂದಕ್ಕ ಉತ್ತರ ಇರಲಿಲ್ಲ. ಅದು ಬಿಡು. ಗೋವಾ, ಕರ್ನಾಟಕದ ನಡುವ ಮಹದಾಯಿ ನೀರಿನ ಜಗಳ ಕಾವೇರಿದಾಗೆಲ್ಲ ನಮ್ಮವರು ಅಂಜತಿದ್ರು. ಹುಬ್ಬಳ್ಳ್ಯಾಗ ಬಂದ್ ಆದ್ರ ವಾಸ್ಕೋದಾಗಿನ ಗೌಂಡಿ ಎದಿ ಡವಡವ. ಆ ಜಗಳದ ಕಳಸಾ ಹಳ್ಳ ಯಾವ ದಿಕ್ಕಿಗೆ ಹರೀತೈತಿ ಅಂತ ಸುದ್ದಾ ಅವಗ ಗೊತ್ತಿಲ್ಲ. ನೀ ಜರ್ಮನಿಗೆ ಹೋದ್ರ ನಿನ್ನ ಪಾಲಿಗೂ ಇಂಥಾದ್ದ ಒಂದು ಬರತೈತಿ. ಎಲ್ಲೋ ಯಾವನೋ ಏನೋ ಮಾಡಿರ್ತಾನ, ಮರುದಿನ ಬಸ್ಸಿನ್ಯಾಗ ನಿನ್ನ ಮಾರಿ ನೋಡ್ತಾರ.

— ಡೆನ್ಮಾರ್ಕಿನ್ಯಾಗ 2018ರಾಗ ಒಂದು ಕಾಯ್ದೆ ಮಾಡ್ಯಾರ. ಕೆಲವು ಕೇರಿಗಳ ಪಟ್ಟಿ ತಯಾರ ಮಾಡ್ತಾರ. ಪಾಶ್ಚಾತ್ಯರಲ್ಲದ ಮೂಲದವರು ಅರ್ಧಕ್ಕಿಂತ ಹೆಚ್ಚಿದ್ದು, ನಿರುದ್ಯೋಗ, ಅಪರಾಧ ಹೆಚ್ಚಿದ್ರ ಆ ಕೇರಿ ಪಟ್ಟಿಗೆ. ಅಲ್ಲಿಯ ಮಕ್ಕಳನ್ನ ಒಂದು ವರ್ಷ ತುಂಬಿದ ಕೂಡಲೆ ವಾರಕ್ಕ 25 ತಾಸು ಕೂಸಿನಮನಿಗೆ ಕಳಿಸಲೇಬೇಕು, ಡೇನಿಶ್ ಕಲೀಲಿ ಅಂತ. ನಾ ಮೊದಲ ಓದಿದಾಗ ಕೆಟ್ಟ ಅನಿಸ್ತು. ಆಮ್ಯಾಲ ವಿಚಾರ ಮಾಡಿದೆ. ಗೋವಾದ ಮಂದಿ, ಡೆನ್ಮಾರ್ಕಿನ ಮಂದಿ, ಅವರೂ ಲೆಕ್ಕದಾಗ ಸಣ್ಣವರ, ಮಾಮಾ. 2011ರ ಜನಗಣತಿ ಪ್ರಕಾರ ಗೋವಾದಾಗ ಇದ್ದದ್ದು 14 ಲಕ್ಷ 58 ಸಾವಿರ ಮಂದಿ. ನಮ್ಮ ವಿಜಯಪುರ ಜಿಲ್ಲಾ ಒಂದಾಗ ಅದಕ್ಕಿಂತ ಹೆಚ್ಚು. ಕೊಂಕಣಿಗೆ ರಾಜಭಾಷೆ ಪಟ್ಟ ಸಿಕ್ಕಿದ್ದ 1987ರಾಗ, ಅದೂ ಬಡಿದಾಡಿ. ಅದಕ್ಕೂ ಮುಂಚೆ 1967ರಾಗ ಮಹಾರಾಷ್ಟ್ರದಾಗ ಕೂಡಬೇಕೋ ಬ್ಯಾಡೋ ಅಂತ ಜನಮತ ತಗೊಂಡು, ಬ್ಯಾಡ ಅಂತ ಉಳಕೊಂಡ್ರು. ಅಂಥವರಿಗೆ ದಿನಾ ಬಸ್ ತುಂಬಿ ಬರೂ ಮಂದಿನ್ನ ನೋಡಿ ಅಂಜಿಕಿ ಆಗಬಾರದೇನು?

— ಆಗಬೇಕು. ನಾ ಇಲ್ಲಂದ್ನೇನು?

— ನೀವ ಆ ಮಾತು ತಗೀಲಿಲ್ಲ ಅಂತ ನಾ ತಗದೆ. ವಿಜಯಪುರದಾಗ ನಾವೇನ್ ಮಾಡ್ತೀವಿ? ಬ್ಯಾಂಕಿನ್ಯಾಗ ಕಿಟಕಿ ಹಿಂದ ಕುಂತಾಂವ ಹಿಂದಿ ಬಿಟ್ರ ಮಾತಾಡಲಿಲ್ಲಂದ್ರ ಗದ್ದಲ ಮಾಡ್ತೀವಿ. 'ಇಲ್ಲಿ ಅನ್ನ ತಿಂತಿ, ಕನ್ನಡ ಕಲಿ' ಅಂತೀವಿ. ಗೋವಾದಾಂವ ಕೊಂಕಣಿ ಕಲಿ ಅಂದ್ರ ಅದು ದಬ್ಬಾಳಿಕಿ, ನಾವ ಕನ್ನಡ ಕಲಿ ಅಂದ್ರ ಅಭಿಮಾನ?

— ಕುಂತ ಕಿಟಕಿ ಯಾವ ಕಡಿಂದು ನೋಡು. ಬ್ಯಾಂಕಿನಾಂವ ಕಿಟಕಿ ಒಳಗ, ನಮ್ಮ ಮುದುಕಿ ಹೊರಗ. ಅಕಿ ಪೆನ್ಶನ್ನಿನ ಕೀಲಿ ಅವನ ಕೈಯಾಗ. ಅಂವ ಕನ್ನಡ ಕಲೀಲಿಲ್ಲಂದ್ರ ಅಕಿ ಕೆಲಸ ಕೆಟ್ಟಿತು. ಗೋವಾದಾಗ ನಮ್ಮ ಗೌಂಡಿ ಕಿಟಕಿ ಹೊರಗ. ಅಂವ ಕೊಂಕಣಿ ಕಲೀಲಿಲ್ಲಂದ್ರ ಕೆಡೂದು ಅವಂದ. ಅಧಿಕಾರ ಇದ್ದಾಂವಗ ಭಾಷಾ ಕಲಿ ಅನ್ನೂದು ಒಂದು ಹಕ್ಕಿನ ಮಾತು. ಕೈಲಾಗದಾಂವಗ ಕಲಿ ಅನ್ನೂದು, ಅದೂ ಕಲಿಸೂ ವ್ಯವಸ್ಥಾ ಮಾಡದ, ಅದು ಬಾಗಲಾ ಮುಚ್ಚೂ ಮಾತು. ಎರಡಕ್ಕೂ ಶಬ್ದ ಅವ ಇರಬಹುದು. ನಾ ಕಂಡಂಗ ಗೋವಾದ ಗೌಂಡಿಗಳ ಮಕ್ಕಳು ಕೊಂಕಣಿ ಪಟಪಟ ಮಾತಾಡತಿದ್ರು. ಮನ್ಯಾಗ ಲಂಬಾಣಿ, ನಮ್ಮ ಸಾಲ್ಯಾಗ ಕನ್ನಡ, ಮೈದಾನದಾಗ ಹಿಂದಿ, ಮೀನದ ಪ್ಯಾಟ್ಯಾಗ ಕೊಂಕಣಿ. ಇಷ್ಟು ಕಲಿತ ಹುಡುಗಗ ದಾಖಲೆ ಸಿಗಲಿಲ್ಲಂದ್ರ, ಅಡ್ಡ ಬಂದದ್ದು ಭಾಷಾ ಅಲ್ಲ.

— ಇದನ್ನ ಒಪ್ಪತೀನಿ, ಅರ್ಧ. ದವಾಖಾನ್ಯಾಗ ನಮ್ಮ ಜೋಡಿ ಕೇರಳದ ಸಿಸ್ಟರ್‌ಗಳು ಇದ್ರು. ಅವರಿಗೆ ಯಾರೂ ಪರೀಕ್ಷಾ ಇಟ್ಟಿದ್ದಿಲ್ಲ. ಆರು ತಿಂಗಳಾಗೂದರಾಗ 'ಎಲ್ಲಿ ಬ್ಯಾನಿ ಐತಿ ಯಜ್ಜಾ, ಚುರುಚುರು ಅಂತೈತೋ ಜಗ್ಗತೈತೋ' ಅಂತ ನಮಗಿಂತ ಚಲೋ ಕೇಳತಿದ್ರು. ಬ್ಯಾನಿ ಬಂದಾಂವ ಹಿಂದ್ಯಾಗ ನರಳೂದಿಲ್ಲ. ಅಲ್ಲೂ ಅಷ್ಟ ಇರತೈತಿ. ಜರ್ಮನಿಯವರು ನಮ್ಮನ್ನ ಕರೆಯೂದು ಯಾರ ಸೇವಾಕ್ಕ? ಮುದುಕರ ಸೇವಾಕ್ಕ. ಮರವಿನ ರೋಗ ಬಂದ ಅಜ್ಜಿ ಬಿ-2 ಜರ್ಮನ್ ಮಾತಾಡೂದಿಲ್ಲ, ತನ್ನ ಹಳ್ಳಿ ಜರ್ಮನ್ ಮಾತಾಡತೈತಿ. ಬವೇರಿಯಾದ ಮಾತು ಬರ್ಲಿನ್ನಿನವರಿಗೂ ತಿಳಿಯೂದಿಲ್ಲಂತ. ಬೆಂಗಳೂರಾಂವನ್ನ ತಂದು ನಮ್ಮ ಅಮ್ಮನ ಮುಂದ ಕುಂದರಿಸಿದಂಗ. ಮಾಮಾ, ಅಲ್ಲಿ ಅಧಿಕಾರ ಇರೂದು ನನ್ನ ಕೈಯಾಗ, ಹಾಸಿಗಿ ಹಿಡದಾಕಿ ಅಕಿ. ನಿಮ್ಮ ಲೆಕ್ಕದಾಗ ನಾ ಕಿಟಕಿ ಒಳಗಿನಾಕಿ ಆದೆ. ಅಕಿ ಭಾಷಾ ನಾ ಕಲೀಲೇಬೇಕು.

— ಹಗಲೆಲ್ಲ ಒಳಗಿನಾಕಿ. ಸಂಜೀಕ ಡ್ಯೂಟಿ ಬಿಟ್ಟು ಮನಿ ಬಾಡಿಗಿ ಕೇಳಾಕ ಹೋದ್ರ ಹೊರಗಿನಾಕಿ. ವಲಸಿ ಹೋದವರ ಬದುಕ ಹಂಗ.

— ಗೋವಾದವರೂ ಹೋಗ್ತಾರಲ್ಲ, ಇಂಗ್ಲೆಂಡಿಗೆ?

— ಅದ ನೋಡು ಮಜಾ. 1961ಕ್ಕಿಂತ ಮೊದಲ ಗೋವಾದಾಗ ಹುಟ್ಟಿದವರು, ಅವರ ಮಕ್ಕಳು ಮೊಮ್ಮಕ್ಕಳು ಲಿಸ್ಬನ್‌ದಾಗ ಹೆಸರು ನೋಂದಿಸಿ ಪೋರ್ಚುಗಲ್ ಪಾಸ್‌ಪೋರ್ಟ್ ತಗೋಬಹುದು. ಪೋರ್ಚುಗಲ್ ಯುರೋಪ್ ಒಕ್ಕೂಟದಾಗ ಇರೂದರಿಂದ ಅದನ್ನ ಹಿಡಕೊಂಡು ಭಾಳ ಮಂದಿ ಇಂಗ್ಲೆಂಡಿನ ಸ್ವಿಂಡನ್‌ಗೆ ಹೋದ್ರು. ಗೋದಾಮು, ಕಾರ್ಖಾನಿ ಕೆಲಸ. ಬ್ರಿಟನ್ ಒಕ್ಕೂಟ ಬಿಟ್ಟ ಮ್ಯಾಲ, 2020ರ ಡಿಸೆಂಬರ್ ಮುಗಿದ ಮ್ಯಾಲ ಹೊಸಬರಿಗೆ ಆ ದಾರಿ ಬಂದ್ ಆತು. ಮೊದಲ ಹೋದವರು ಅದಾರ. ನಮ್ಮ ಸಾಲಿ ಬಾಜೂಕ ಒಂದು ಮನಿ ಇತ್ತು, ಮಗ ಸ್ವಿಂಡನ್‌ದಾಗ. ಫೋನ್ ಮಾಡಿದಾಗ ಅಂವ ಅವ್ವನ ಮುಂದ ಅಳತಿದ್ದಂತ, ಇಲ್ಲಿ ನಮಗ ಹಿಂಗಂತಾರ ಹಂಗಂತಾರ ಅಂತ. ಅವ್ವ ಕಣ್ಣೀರು ಒರಿಸಿಕೊಂಡು ಹೊರಗ ಬಂದು, ಕಂಪೌಂಡ್ ಕಟ್ಟೂ ನಮ್ಮ ಹುಡುಗಗ 'ಏ ಘಾಟಿ' ಅಂತ ಕರೀತಿದ್ಲು. ಕೆಟ್ಟ ಹೆಂಗಸಲ್ಲ. ಚಾ ಕೊಡಾಕ ಕರೀತಿದ್ಲು.

— ಅಷ್ಟು ದೂರ ಹೋಗೂದ್ಯಾಕ, ನಮ್ಮ ಊರ ಇತಿಹಾಸದಾಗ ಇದು ಚೆಂದ ನಡದಿತ್ತು ಅಂತಾರಲ್ಲ? ಎಲ್ಲಾ ದೇಶದವರೂ ಬಂದು ಕೂಡಿ ಬಾಳಿದ್ರು ಅಂತ ಗೈಡ್‌ಗಳು ಗೋಳಗುಮ್ಮಟದಾಗ ಹೇಳ್ತಾರ.

— ಗೈಡ್‌ಗಳು ಹೇಳೂದು ಕಲ್ಲಿನ ಮಟ್ಟಿಗೆ ಖರೆ. ಬಂದವರು ಒಬ್ರೇನು ಇಬ್ರೇನು. ರಾಜ್ಯ ಕಟ್ಟಿದ ಯೂಸುಫ್ ಆದಿಲ್ ಖಾನನ ಹೊರಗಿನಾಂವ. ಇರಾನಿನ ಸಾವಾ ಊರಿನ ಕಡಿಯಿಂದ ಬಂದಾಂವ ಅಂತ. ಅಂವ ತುರ್ಕಿ ಸುಲ್ತಾನನ ಮಗ ಅಂತ ಫೆರಿಶ್ತಾ ಬರದಾನ, ಅರಮನಿ ಇತಿಹಾಸಕಾರರು ಬರೂದು ಹಂಗ. ಆ ಫೆರಿಶ್ತಾನೂ ಇರಾನಿನ ಅಸ್ತರಾಬಾದಿನಾಂವ, ಬಿಜಾಪುರದ ಸುಲ್ತಾನ ಎರಡನೇ ಇಬ್ರಾಹಿಮನ ದರಬಾರದಾಗ ಕುಂತು ಹಿಂದೂಸ್ತಾನದ ಚರಿತ್ರೆ ಬರದ. ಕವಿ ಜುಹೂರಿ ಇರಾನಿನ ತುರ್ಶೀಜ್ ಕಡಿಯಾಂವ. ಇಬ್ರಾಹಿಂ ರೋಜಾ ಕಟ್ಟಿಸಿದ ಮಲಿಕ್ ಸಂದಲ್ ಹಬ್ಶಿ, ಅಂದ್ರ ಇಥಿಯೋಪಿಯಾ ಮೂಲ. ಮಲಿಕ್-ಎ-ಮೈದಾನ್ ತೋಪು 1549ರಾಗ ಎರಕ ಹೊಯ್ದ ಮಹಮ್ಮದ್ ಬಿನ್ ಹುಸೇನ್ ರೂಮಿ ತುರ್ಕರ ಸೀಮಿಯವ. ಇಷ್ಟ ಅಲ್ಲ, ಒಬ್ಬ ಯುರೋಪಿನಾಂವನೂ ಇದ್ದ. ಹಾಲೆಂಡಿನ ಹಾರ್ಲೆಮ್ ಊರಿನ ಚಿತ್ರಗಾರ, ಕಾರ್ನೆಲಿಸ್ ಹೇಡಾ ಅಂತ. ಪ್ರಾಗ್‌ದಾಗ ಚಕ್ರವರ್ತಿ ಆಸ್ಥಾನದಾಗ ಇದ್ದು, ಪರ್ಶಿಯಾಕ್ಕ ಹೊಂಟಾಂವ ಗೋವಾಕ್ಕ ಬಂದು, 1610ರ ಸುಮಾರ ನಮ್ಮ ಊರು ಸೇರಿದ. ಇಬ್ರಾಹಿಮನಿಗೆ ಚಿತ್ರ ಬರಕೊಟ್ಟು, ನಮ್ಮ ಮಣ್ಣಾಗ ಸತ್ತ.

— ಹಾಲೆಂಡಿನಾಂವ? ಇಲ್ಲಿ?

— ತೊರವಿ ಬಾಜೂಕ ನವರಸಪುರ ಕಟ್ಟಿಸ್ತಿದ್ನಲ್ಲ ಇಬ್ರಾಹಿಂ, 1599ರಿಂದ, ಆ ಕಾಲ. ನೀ ತಿಕೋಟಾದ ಬಸ್ಸಿನ್ಯಾಗ ದಿನಾ ಅದನ್ನ ದಾಟಿ ಹೋಗ್ತಿ, ಸಂಗೀತ ಮಹಲಿನ ಗ್ವಾಡಿ ಕಾಣತಾವ. ಸಂಗೀತಗಾರರು, ಕಲಾವಿದರು ಎಲ್ಲಿಂದಲೋ ಬಂದು ಸೇರಲಿ ಅಂತ ಕಟ್ಟಿದ ಊರು. 1624ರಾಗ ಅದನ್ನ ಹಾಳು ಮಾಡಿದಾಂವ ಯಾರು? ಮಲಿಕ್ ಅಂಬರ್. ಅಂವನೂ ಗುಲಾಮನಾಗಿ ಇಥಿಯೋಪಿಯಾದಿಂದ ಬಂದಾಂವ, ಹಿಂದಕ ಬಿಜಾಪುರದ ಚಾಕರಿ ಮಾಡಿದಾಂವ. ಹಿಂಗ ಐತಿ, ಸರಳಾಗಿ ಹೇಳಾಕ ಬರೂದಿಲ್ಲ. ಕೂಡಿ ಬಾಳಿದ್ರು ಅಂತ ಅನ್ನೂದಕ್ಕಿಂತ ಮೊದಲ ಜಗಳದ ಕತಿ ಕೇಳು.

— ಆಫಾಕಿ, ದಖನಿ?

— ಹೂಂ. ಹಡಗ ಹತ್ತಿ ಬಂದ ಇರಾನಿ, ತುರ್ಕಿ, ಅರಬರು ಆಫಾಕಿಗಳು, ಪರದೇಸಿ. ಇಲ್ಲೇ ಇದ್ದ ಮುಸಲ್ಮಾನ ಸರದಾರರು ದಖನಿಗಳು, ಅವರ ಪಕ್ಷಕ್ಕ ಹಬ್ಶಿಗಳು. ಜಗಳ ಬೀದರದಾಗ ಸುರು ಆಗಿತ್ತು. ಮಹಮೂದ್ ಗವಾನ ಇರಾನಿನ ಗೀಲಾನಿನಾಂವ, ಬಹಮನಿಗಳ ಮಂತ್ರಿ, ಮದರಸಾ ಕಟ್ಟಿಸಿದ, ಜಮೀನು ಅಳಿಸಿ ಲೆಕ್ಕ ನೆಟ್ಟಗ ಮಾಡಿದ. ಅವನ ಮುದ್ರಿ ಒತ್ತಿದ ಖಾಲಿ ಕಾಗದದಾಗ ಒರಿಸ್ಸಾದ ರಾಜಗ ಬರದಂಗ ಸುಳ್ಳು ಓಲಿ ಹುಟ್ಟಿಸಿ ಸುಲ್ತಾನಗ ತೋರಿಸಿದ್ರು. ಕುಡದ ಅಮಲಿನ್ಯಾಗ ಸುಲ್ತಾನ 1481ರಾಗ ತಲಿ ಹಾರಿಸಿದ. ಹೊರಗಿನಾಂವನ ಮ್ಯಾಲ ದ್ರೋಹದ ಮಾತು ಭಾಳ ಲಗು ಅಂಟತೈತಿ. ಆಮ್ಯಾಲ ಆ ರಾಜ್ಯ ಐದು ತುಂಡಾತು, ಒಂದು ತುಂಡು ಬಿಜಾಪುರ. ಇಲ್ಲಿ ಒಂದನೇ ಇಬ್ರಾಹಿಂ ಪಟ್ಟಕ್ಕ ಬಂದದ್ದು 1534ರಾಗ. ಬಂದವನ ಆಫಾಕಿಗಳನ್ನ ಕೆಲಸದಿಂದ ತಗದ, ದಖನಿ, ಹಬ್ಶಿಗಳನ್ನ ಇಟ್ಟ. ಕಂದಾಯದ ಲೆಕ್ಕ ಫಾರಸಿ ಬಿಟ್ಟು ಇಲ್ಲಿಯ ಮಾತಿಗೆ ಬಂತು. ತಗದ ಪರದೇಸಿ ಸಿಪಾಯಿಗಳು ಎಲ್ಲಿಗೆ ಹೋದ್ರು? ವಿಜಯನಗರಕ್ಕ, ರಾಮರಾಯನ ಕಡಿ. ಅಂವ ಇಟಕೊಂಡ.

— ಲೆಕ್ಕ ಇಲ್ಲಿಯ ಮಾತಿಗೆ ಬಂದದ್ದು ಚಲೋ ಆತಲ್ಲ? ಕಿಟಕಿ ಹೊರಗಿನ ರೈತಗ ಅನುಕೂಲ.

— ಚಲೋ ಆತು. ನಿನ್ನ ಮಾತು ನನಗ ತಿರುಗಿಸಿ ಹೊಡದಿ, ಇರಲಿ. ಆದ್ರ ಅವನ ಮಗ ಒಂದನೇ ಅಲಿ ಬಂದ ಕೂಡಲೆ ಆಫಾಕಿಗಳು ಮತ್ತ ಒಳಗ. ಅವನ ಹಿಂದ ಸಣ್ಣ ಹುಡುಗ ಎರಡನೇ ಇಬ್ರಾಹಿಂ ಪಟ್ಟಕ್ಕ ಕುಂತಾಗ ಹಬ್ಶಿ ಸರದಾರರ ಕಾರಭಾರ, ಇಖಲಾಸ್ ಖಾನ, ದಿಲಾವರ್ ಖಾನ. ಒಬ್ಬನ್ನ ಇನ್ನೊಬ್ಬ ಕಣ್ಣು ಕೀಳಿಸಿ ಕುರ್ಚಿ ಏರೂದು. ಸರಕಾರ ಬದಲಾದಂಗೆಲ್ಲ ನೆಲದವರು ಯಾರು, ಪರದೇಸಿ ಯಾರು ಅನ್ನೂದ ರಾಜಕೀಯ. ಈಗ ಯುರೋಪಿನ್ಯಾಗ ಚುನಾವಣಿ ನಡಿಯೂದು ಇದರ ಮ್ಯಾಲ ಅಲ್ಲೇನು?

— ಹೌದು, ಇದ ಮಾತು.

— ಇನ್ನೊಂದು ಕೇಳು. ಈ ದಖನಿಗಳು, ನೆಲದವರು ಅಂತ ಎದಿ ಬಡಕೊಂಡವರು, ಎಲ್ಲಿಂದ ಬಂದವರು? ಮಹಮ್ಮದ್ ಬಿನ್ ತುಘಲಕ್ 1327ರಾಗ ದಿಲ್ಲಿಯಿಂದ ದೌಲತಾಬಾದಿಗೆ ರಾಜಧಾನಿ ಸಾಗಿಸಿದಾಗ ಗುಂಪಿನ್ಯಾಗ ನಡದು ಬಂದವರ ಸಂತಾನ ಅವರಾಗ ಭಾಳ. ನೂರೈವತ್ತು ವರ್ಷ ಮೊದಲ ಬಂದಾಂವ ಊರಾಂವ, ಹೋದ ವರ್ಷ ಬಂದಾಂವ ಪರದೇಸಿ. ಇಬ್ಬರೂ ಬಡದಾಡಿ ಸುಸ್ತಾದ್ರು. ಅವರಿಬ್ಬರ ಕುದುರಿಗೆ ಹುಲ್ಲು ಕೊಟ್ಟಾಂವ ಬಬಲೇಶ್ವರದ ರೈತ. ಅವನ್ನ ನೀ ಯಾರ ಪೈಕಿ ಅಂತ ಯಾರೂ ಕೇಳಲಿಲ್ಲ.

— ಅವರಲ್ಲೂ ಎಲ್ಲಾರೂ ಒಂದ ನಮೂನಿ ಬರಲಿಲ್ಲ, ಮಾಮಾ. ಇರಾನಿನಾಂವ ಲೇಖಣಿ ಹಿಡಕೊಂಡು ಬಂದ, ಹಬ್ಶಿ ಸರಪಳಿ ಹಾಕಿಸಿಕೊಂಡು ಬಂದ. ಒಬ್ಬಗ ದರಬಾರದಾಗ ಕುರ್ಚಿ, ಇನ್ನೊಬ್ಬ ಸಂತ್ಯಾಗ ಮಾರಾಟ. ಈಗ ನಾ ಲೇಖಣಿಯಾಕಿ. ಭಾರತದ ಕುಶಲ ಕೆಲಸಗಾರರಿಗೆ ಕೊಡೂ ವೀಸಾ ವರ್ಷಕ್ಕ 20 ಸಾವಿರದಿಂದ 90 ಸಾವಿರಕ್ಕ ಏರಿಸ್ತೀವಿ ಅಂತ 2024ರಾಗ ಜರ್ಮನಿ ಹೇಳಿತು. ನಮ್ಮನ್ನ ಕರೀತಾರ, ಚಾ ಕೊಡ್ತಾರ. ಅದ ಜರ್ಮನಿ ಗಡಿಯಾಗ ಡಿಂಗಿ ದ್ವಾಣ್ಯಾಗ ಸಮುದ್ರ ದಾಟಿ ಬಂದ ಸಿರಿಯಾದಾಂವ, ಆಫ್ಘನ್ ಹುಡುಗ ನಿಂತಿರ್ತಾನ. ಅವಗೂ ನನಗೂ 'ಹೊಂದಿಕೊಳ್ರಿ' ಅಂತ ಒಂದ ಮಾತು ಹೇಳ್ತಾರ. ನನಗ ಅದು ಸಲಹಾ, ಅವಗ ಅದು ಷರತ್ತು.

— ಇದನ್ನ ತಲಿಯಾಗ ಇಟಗೊಂಡು ಹೋಗು. ಅಲ್ಲಿ ಕೆಲವು ಭಾರತೀಯರು 'ನಾವು ಅವರಂಗ ಅಲ್ಲ' ಅಂತ ಸಿರಿಯಾದವರನ್ನ ದೂಡಿ ಮುಂದ ನಿಲ್ತಾರ. ಹೊಸ ದಖನಿಗಳು.

— ನಮ್ಮಪ್ಪ ಬ್ಯಾರೆ ಹೇಳ್ತಾನ. 'ದ್ರಾಕ್ಷಿ ಬಳ್ಳಿ ನೋಡಿ ಕಲಿ' ಅಂತ. ಬೇರು ಡಾಗ್‌ರಿಡ್ಜ್, ಅಮೆರಿಕದ ಟೆಕ್ಸಾಸಿನ ಕಾಡುಜಾತಿ, ಸವಳು ನೀರು ತಡೀತೈತಿ. ಮ್ಯಾಲ ಕಸಿ ಕಟ್ಟಿದ್ದು ಥಾಮ್ಸನ್ ಸೀಡ್‌ಲೆಸ್, ಹೆಸರು ಕ್ಯಾಲಿಫೋರ್ನಿಯಾದ್ದು, ಮೂಲ ಇರಾನ್, ತುರ್ಕಿ ಕಡಿದು. ನೀರು ಕೃಷ್ಣಾದ್ದು, ತುಬಚಿಯಿಂದ ಎತ್ತಿ ತಂದದ್ದು. ಶೆಡ್ಡಿನ್ಯಾಗ ಒಣಗಿ ಪ್ಯಾಟಿಗೆ ಹೋದಾಗ ವಿಜಯಪುರದ ಒಣದ್ರಾಕ್ಷಿ.

— ನಿಮ್ಮಪ್ಪಗ ಬಳ್ಳಿ ಬಿಟ್ರ ಬ್ಯಾರೆ ಜಗತ್ತಿಲ್ಲ. ಕಸಿ ಕಟ್ಟಾಕ ಬೇರನ್ನ ಕೇಳಿ ತಂದಿದ್ರೇನು? ಬಳ್ಳಿಗೆ ದೀಪಾವಳಿಗೆ ಊರಿಗೆ ಹೋಗೂ ಆಸೆ ಇರೂದಿಲ್ಲ, ಅವ್ವ ಸತ್ತ ಸುದ್ದಿ ಬರೂದಿಲ್ಲ. ಮನಷಾರಿಗೆ ಅದೆಲ್ಲ ಇರತೈತಿ. ಅಂದಂಗ ಜರ್ಮನ್ ಪೌರತ್ವ ತಗೊಂಡ್ರ ಭಾರತದ್ದು ಬಿಡಬೇಕು, ಗೊತ್ತೈತಲ್ಲ? ಅವರು ಈಗ ಎರಡು ಇಟಗೊಳ್ಳಾಕ ಬಿಡ್ತಾರ, ನಮ್ಮ ಸಂವಿಧಾನ ಬಿಡೂದಿಲ್ಲ. ಪೌರತ್ವ ಬಿಟ್ಟವರಿಗೆ ಬದಲಿಗೆ ಒಸಿಐ ಕಾರ್ಡ್ ಕೊಡ್ತಾರ. ಅದ್ರಾಗ ಅಪ್ಪನ ತ್ವಾಟ ವಾರಸಾದಿಂದ ಬಂದ್ರ ಬರಬಹುದು, ಬಾಜೂಕಿನ ಎಕರೆ ಹೊಲ ಹೊಸದಾಗಿ ಕೊಳ್ಳಾಕ ಬರೂದಿಲ್ಲ.

— ಅಪ್ಪಗ ಹೇಳಬ್ಯಾಡ್ರಿ. ಈಗಲೇ ಕಳಸಾಕ ಒಲ್ಲೆ ಅಂತಾನ.

— ಹೇಳೂದಿಲ್ಲ ಬಿಡು.

— ಮಾಮಾ, ಬರೂವಾಗ ಹೊಲದ ದಂಡಿಗೆ ಕೊಪ್ಪಿ ಹಾಕ್ಯಾರಲ್ಲ, ಅವರು ಎಲ್ಲಿಯವರು?

— ಬೀಡ್ ಜಿಲ್ಲಾ. ಕಬ್ಬಿನ ಗ್ಯಾಂಗು. ದಸರಾ ದೀಪಾವಳಿ ಆಸುಪಾಸು ಬರ್ತಾರ, ಶಿವರಾತ್ರಿ ದಾಟೂ ತನಕ ಇರ್ತಾರ. ಗಂಡ ಹೆಂಡ್ತಿ ಕೂಡಿ ಒಂದು ಕೊಯ್ತಾ ಅಂತ ಲೆಕ್ಕ. ಮುಕಾದಮನ ಕಡಿ ಮುಂಗಡ ತಗೊಂಡಿರ್ತಾರ, ಮುಟ್ಟೂ ತನಕ ಕಡೀಬೇಕು.

— ಒಂದು ಹುಡುಗಿ ಕೂಸು ಎತಗೊಂಡು ನಿಂತಿತ್ತು. ಎಂಟೋ ಒಂಬತ್ತೋ ವಯಸ್ಸು. ಸಾಲಿಗೆ ಹೋಗತೈತೇನು?

— ಊರಾಗ ಮೂರನೇತ್ತೆ ಇತ್ತಂತ. ಇಲ್ಲಿ ಬಂದ ಮ್ಯಾಲ ಕೂಸು ಹಿಡಿಯೂ ಕೆಲಸ. ನಾ ಸಾಲ್ಯಾಗ ಕೇಳಿದೆ. ಸಾಲಿ ನೋಂದಣಿಯ ಎಸ್‌ಎಟಿಎಸ್ ನಂಬರ್ ಇಲ್ಲ, ವರ್ಗಾವಣಿ ಪತ್ರ ಇಲ್ಲ, ಮರಾಠಿ ಹುಡುಗಿ, ಮೂರು ತಿಂಗಳಾಗ ಹೋಗತೈತಿ, ಸೇರಿಸಿ ಏನ್ ಮಾಡೂದ್ರಿ ಸರ್ ಅಂತ ಅಂದ್ರು.

— 15 ವರ್ಷದ ದಾಖಲೆ ಅಷ್ಟ ಕೇಳಲಿಲ್ಲ.

— ಕುಟುಕು, ಕುಟುಕು. ನಾನೂ ಸುಮ್ಮನ ಕುಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರದು. ವಯಸ್ಸಿನ ದಾಖಲೆ ಇಲ್ಲ ಅಂತ ಮಗುವನ್ನ ಸೇರಿಸಿಕೊಳ್ಳದ ಇರಾಕ ಬರೂದಿಲ್ಲ, ವರ್ಗಾವಣಿ ಪತ್ರ ತಡಾ ಆತು ಅಂತ ಪ್ರವೇಶ ನಿಲ್ಲಸಾಕ ಬರೂದಿಲ್ಲ. ಕಲಮು ತೋರಿಸಿದೆ. ಹೆಡ್ ಮಾಸ್ತರ ನನ್ನ ಶಿಷ್ಯಾನ ಗೆಳ್ಯಾ, ಕುಂದರಲಿ ಬಿಡ್ರಿ ಅಂದ. ರೇಶನ್ನಂತೂ ಈಗ ಕಿರಿಕಿರಿ ಇಲ್ಲ, ಒಂದು ದೇಶ ಒಂದು ಕಾರ್ಡ್ ಆದಾಗಿಂದ ಬೀಡ್‌ದ ಕಾರ್ಡಿನ ಅಕ್ಕಿ ಬಬಲೇಶ್ವರದಾಗ ಸಿಗತೈತಿ. ಮಂದಿ ಬೆನ್ನ ಹಿಂದ ನಡೀತೈತಿ ಆ ಕಾರ್ಡ್. ಸಾಲಿ ದಾಖಲೆಗೆ ಇನ್ನೂ ಕಾಲು ಬಂದಿಲ್ಲ.

— ಕುಂದರಲಿ ಅಂದ್ರ ಮತ್ತ ಯಾಕ ಕುಂತಿಲ್ಲ?

— ಕೂಸು. ಅದನ್ನ ಯಾರು ಹಿಡೀಬೇಕು? ಅವ್ವ ಬೆಳಗಿನ ಜಾವ ಕಬ್ಬಿನ್ಯಾಗ ಹೊಕ್ಕಾಕಿ ಮಧ್ಯಾಹ್ನ ದಾಟಿದ ಮ್ಯಾಲ ಹೊರಗ ಬೀಳ್ತಾಳ. ಅಂಗನವಾಡ್ಯಾಗ ಬಿಟ್ರ ಹುಡುಗಿ ಕೈ ಖಾಲಿ ಆಗತೈತಿ. ಮೂರು ವರ್ಷ ತುಂಬದ ಕೂಸನ್ನ ದಿನಪೂರ್ತಿ ಇಟಗೊಳ್ಳೂದಿಲ್ಲ ಅಂತಾರ ಅಲ್ಲಿ.

— ಕೂಸಿಗೆ ಎಷ್ಟು?

— ನೀ ನರ್ಸು, ನೀ ನೋಡಿ ಹೇಳು. ನನಗ ಎರಡೂವರಿ ಅನಿಸ್ತೈತಿ. ತೂಕ ಕಡಿಮಿ ಐತಿ.

— ತೂಕ ಕಡಿಮಿ ಇದ್ರ ಅಂಗನವಾಡ್ಯಾಗ ಹೆಸರು ಬರಸಾಕ ಅದ ಕಾರಣ ಸಾಕು, ತೂಗಿ ಬರಕೋಬೇಕು ಅವರು. ಆಹಾರ ಕೊಡಬೇಕು. ತಾಯಿ ಆಧಾರ್ ಕೇಳ್ತಾರ.

— ಅದು ಅಕಿ ಕಡಿ ಐತಿ. ವಿಳಾಸ ಬೀಡ್‌ದು.

— ಇರಲಿ. ಕೂಸು ಇರೂದು ಬಬಲೇಶ್ವರದಾಗ ಅಲ್ಲ? ಟೀಚರ್ ಎಷ್ಟೊತ್ತಿನ ತನಕ ಇರ್ತಾರ?

— ನಾಕರ ತನಕ. ಮರಾಠಿ ಮಾತಾಡಾಕ ಬರತೈತೇನು ನಿನಗ? ಜರ್ಮನ್ ಬ್ಯಾಡ ಅಲ್ಲಿ.

— ತಿಕೋಟಾದಾಕಿಗೆ ಮರಾಠಿ ಬರೂದಿಲ್ಲೇನು, ಜತ್ ತಾಲೂಕು ನಮ್ಮ ಬೆನ್ನಿಗೆ ಐತಿ. ಏಳ್ರಿ, ಟ್ರ್ಯಾಕ್ಟರ್ ತುಂಬಿ ಅವರವ್ವ ಬರೂದರಾಗ ಟೀಚರ್‌ನ ಕೇಳಿ ಇಡೂಣು.